ಹಳೇ ಪೋರ್ಶೆ 944 ಕುಂಬಳೆಯಲ್ಲಿ ಸಾಕ್ಲಿಕ್ಕೆ ಆಗ್ತದಾ?

ಅಡಿಕೆಸಿಪ್ಪೆ:
ಬೆಂಗಳೂರಲ್ಲಿ ಒಂದು 1987ರ 944 ಮಾರ್ಲಿಕ್ಕುಂಟು, ರೈಟ್ ಹ್ಯಾಂಡ್ ಡ್ರೈವ್, ಕೆಂಪು, ಓಡಿದ್ದು ಬರೀ 60 ಸಾವಿರ ಕಿಲೋಮೀಟರ್ ಅಂತೆ. ನಮ್ಮ ಮನೆ ಕುಂಬಳೆ ಹತ್ರ, ಕಡಲು ಅಲ್ಲೇ, ಗೇಟಿನ ಕಬ್ಬಿಣವೇ ಎರಡು ಮಳೆಗೆ ತುಕ್ಕು ಹಿಡಿದು ಉದುರ್ತದೆ. ಇದರ ಬಾಡಿ ಉಳೀತದಾ? ಗೊತ್ತಿದ್ದವರು ಹೇಳಿ.

ಪೆರ್ಲದವ:
ಬಾಡಿಗೆ ಅಷ್ಟು ತಲೆಬಿಸಿ ಬೇಡ ಮಾರಾಯ್ರೆ, ಗ್ಯಾಲ್ವನೈಸ್ ಮಾಡಿದ, ಅಂದ್ರೆ ತುಕ್ಕು ಹಿಡಿಯದ ಹಾಗೆ ಸತು ಲೇಪಿಸಿದ ಶೆಲ್ ಅದು. ಬ್ಯಾಟರಿ ಅಡಿಯ ತಗಡು ಮಾತ್ರ ನೋಡಿ, ಆ್ಯಸಿಡ್ ಬಿದ್ದು ತೂತಾಗಿದ್ರೆ ಮಳೆನೀರು ಸೀದಾ ಒಳಗೆ ಕಾಲಿನ ಹತ್ರ ಇಳೀತದೆ. ನಂಗೆ ಹೆದರಿಕೆ ಆ 60 ಸಾವಿರದ್ದೇ. ಓಡದ ಗಾಡಿಯ ರಬ್ಬರು ನಿಂತಲ್ಲೇ ಸಾಯ್ತದೆ. ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ತುಂಡಾದ್ರೆ ಪಿಸ್ಟನ್ ವಾಲ್ವಿಗೆ ಹೊಡೆದು ಹೆಡ್ ಹೋಯ್ತು ಅಂತ್ಲೇ ಲೆಕ್ಕ, ಎಂಜಿನ್ ನಡುಗದ ಹಾಗೆ ಮಾಡುವ ಬ್ಯಾಲೆನ್ಸ್ ಶಾಫ್ಟಿಗೆ ಬೇರೆಯೇ ಒಂದು ಬೆಲ್ಟ್ ಉಂಟು, ವಾಟರ್ ಪಂಪನ್ನು ತಿರುಗಿಸುದೂ ಟೈಮಿಂಗ್ ಬೆಲ್ಟೇ, ಹಾಗಾಗಿ ಮೂರನ್ನೂ ಒಟ್ಟಿಗೇ ಬದಲಿಸಿ. ಬೆಲ್ಟಿನ ಬಿಲ್ ತೋರಿಸದಿದ್ರೆ ಸ್ಟಾರ್ಟ್ ಮಾಡಿ ತೋರಿಸುದೂ ಬೇಡ ಹೇಳಿ. ಪೆಟ್ರೋಲ್ ಹೋಸ್ ಎಲ್ಲ ಎಥನಾಲ್ ತಡಕೊಳ್ಳುವಂಥದ್ದು ಹಾಕಿಸಿ, ಈಗ ಬಂಕಲ್ಲಿ ಸಿಗುದು ಇ20, ಅಂದ್ರೆ 20% ಎಥನಾಲ್ ಸೇರಿಸಿದ ಪೆಟ್ರೋಲ್, ಆ ಕಾಲದ ರಬ್ಬರಿಗೆ ಅದು ಆಗುದಿಲ್ಲ, ಹೋಸ್ ಒಡೆದು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಬಿದ್ರೆ ಬೆಂಕಿಯೇ.

ಮತ್ತೆ ಡಿಎಂಇ ರಿಲೇ ಅಂತ ಸಣ್ಣ ಒಂದು ಡಬ್ಬಿ ಉಂಟು, ಒಳಗಿನ ಸೋಲ್ಡರ್ ಬಿರುಕು ಬಿಟ್ರೆ ಫ್ಯುಯಲ್ ಪಂಪಿಗೆ ಕರೆಂಟ್ ಹೋಗುದಿಲ್ಲ, ಗಾಡಿ ದಾರಿ ಮಧ್ಯೆ ಸುಮ್ಮನೆ ಆಫ್. ಸ್ಪೇರ್ ಒಂದು ಗ್ಲೋವ್ ಬಾಕ್ಸಲ್ಲಿರಲಿ.

ಸುಮ್ಮನೆ_ಬಂದವ:
ಅದು ಜೋಡಿಸಿದ್ದೇ ನೆಕರ್ಸುಲ್ಮ್‌ನ ಆಡಿ ಫ್ಯಾಕ್ಟರಿಯಲ್ಲಿ, ಪೋರ್ಶೆ ಅಂತ ಕುಣಿಯುದೆಂತಕ್ಕೆ? ಬಲೆನೊ ತೆಕ್ಕೊಳ್ಳಿ.

ಪೆರ್ಲದವ:
ಗೇರ್‌ಬಾಕ್ಸ್ ಹಿಂದೆ ಇಟ್ಟು ಎರಡು ಆ್ಯಕ್ಸಲಿಗೂ ಹೆಚ್ಚುಕಮ್ಮಿ ಸಮ ತೂಕ ಬರುವ ಹಾಗೆ ಮಾಡಿದ ಗಾಡಿ ಅದು, ಬದಿಯಡ್ಕ ರಸ್ತೆಯ ತಿರುವಿನಲ್ಲಿ ಒಮ್ಮೆ ಕೂತು ನೋಡಿ, ಮತ್ತೆ ಮಾತಾಡುವ. ಅದೇ ಕಾರಣಕ್ಕೆ ಕ್ಲಚ್ ಕೆಲಸ ಮಾತ್ರ ದೊಡ್ಡ ರಗಳೆ, ಎಕ್ಸಾಸ್ಟ್ ಬಿಚ್ಚಿ, ಗೇರ್‌ಬಾಕ್ಸ್ ಇಳಿಸಿ, ಎಂಜಿನಿಂದ ಗೇರ್‌ಬಾಕ್ಸಿಗೆ ಹೋಗುವ ಶಾಫ್ಟಿನ ಕೊಳವೆ, ಟಾರ್ಕ್ ಟ್ಯೂಬ್, ಅದನ್ನೂ ಹಿಂದೆ ಸರಿಸ್ಬೇಕು.

ತಲಪಾಡಿ_ಟೋಲ್:
ಕಾಗದ ಮೊದಲು ನೋಡಿ. ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿ (ಆಮದಿನ ದಾಖಲೆ) ಇಲ್ಲದಿದ್ರೆ, ಇಲ್ಲಾ ಚಾಸಿ ನಂಬರ್ ತಾಳೆ ಆಗದಿದ್ರೆ, ಕಾರು ಎಷ್ಟು ಚಂದ ಇದ್ರೂ ತಿರುಗಿ ಬನ್ನಿ. ಕೆಎ ನಂಬರಿನ ಗಾಡಿ ಕುಂಬಳೆಯಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ರೆ ಕೆಎಲ್, ಅಂದ್ರೆ ಕೇರಳದ ನಂಬರ್ ಮಾಡಿಸ್ಲೇಬೇಕು, ಅಲ್ಲಿ ಟ್ಯಾಕ್ಸ್ ಬೇರೆ. 2025ರ ಆಗಸ್ಟಲ್ಲಿ 20 ವರ್ಷ ದಾಟಿದ ಇಂಪೋರ್ಟೆಡ್ ಕಾರಿನ ರಿನ್ಯೂವಲ್ ಫೀಯನ್ನೂ 80 ಸಾವಿರಕ್ಕೆ ಏರಿಸಿದ್ದಾರೆ. ಆರ್‌ಸಿ ಎಲ್ಲಿವರೆಗೆ ಉಂಟು ಕೇಳಿದ್ರಾ?

ಅಡಿಕೆಸಿಪ್ಪೆ:
ಕೇಳಿಲ್ಲ, ಕೇಳ್ತೇನೆ. ಅಡಿಕೆ ಹಾಕುವ ಶೆಡ್ಡಲ್ಲಿ ಜಾಗ ಉಂಟು, ಟಾರ್ಪಾಲ್ ಮುಚ್ಚಿ ಇಟ್ರೆ ಸಾಕಲ್ವಾ?

ಪೆರ್ಲದವ:
ಟಾರ್ಪಾಲ್ ಹಾಕ್ಲೇಬೇಡಿ, ಒಳಗೆ ಬೆವರಿ ಅರ್ತಿಂಗ್ ಪಾಯಿಂಟೆಲ್ಲ ಹಸಿರು ಹಿಡೀತದೆ. ಬಟ್ಟೆ ಕವರ್ ಸಾಕು. ಅಡಿಕೆ ಶೆಡ್ಡಲ್ಲಿ ಇಲಿ ಇಲ್ವಾ? ಆ ಕಾಲದ ವೈರಿಂಗ್ ಹಾರ್ನೆಸ್ ಸಿಗುದು ಭಾರೀ ಕಷ್ಟ, ಬೇರೆ ಜಾಗ ನೋಡಿ.