ಪ್ರಿಸಂ ಫಿಲ್ಮ್ ಮೇಲೆ ಲ್ಯಾಕರ್ ಹೊಡೆಯಬಹುದಾ?

ಪ್ರಶ್ನೆ (ತುಮಕೂರು): ವಸಂತನರಸಾಪುರದಲ್ಲಿ ನಮ್ಮದೊಂದು ಸಣ್ಣ ಯೂನಿಟ್ ಇದೆ, ಎಲ್‌ಇಡಿ ಪ್ಯಾನೆಲ್ ಲೈಟ್ ಜೋಡಿಸುತ್ತೇವೆ. ಒಳಗೆ ಹಾಕುವ ಪ್ರಿಸಂ ಫಿಲ್ಮ್‌ಗೆ (ಒಂದು ಮುಖದ ತುಂಬ ಸಣ್ಣ ಪ್ರಿಸಂ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆ) ಜೋಡಿಸುವಾಗಲೇ ಗೀರು ಬೀಳುತ್ತಿದೆ. ಗೆರೆ ಇರುವ ಮುಖಕ್ಕೆ ಪಾರದರ್ಶಕ ಲ್ಯಾಕರ್ ಹೊಡೆದರೆ ಸರಿಹೋಗುತ್ತದೆ ಅಂತ ಸಪ್ಲೈಯರ್ ಹೇಳುತ್ತಾರೆ. ಹೊಡೆಯಬಹುದಾ?

ಉತ್ತರ (ಆಪ್ಟಿಕಲ್ ಫಿಲ್ಮ್ ಪ್ರೊಸೆಸ್ ಎಂಜಿನಿಯರ್): ಖಂಡಿತ ಬೇಡ. ಲ್ಯಾಕರ್ ಎಷ್ಟೇ ತಿಳಿಯಾಗಿದ್ದರೂ ಬೇಡ.

ಒಂದು ತುಂಡು ಫಿಲ್ಮನ್ನು ಉರಿಯುವ ಪ್ಯಾನೆಲ್ ಮೇಲಿಟ್ಟು, ಗೆರೆಗಳ ಮೇಲೆ ಒಂದು ಹನಿ ನೀರು ಬಿಡಿ. ಎದುರಿನಿಂದ ನೋಡಿದರೆ ಆ ಜಾಗದಲ್ಲಿ ಹೊಳಪು ಕುಗ್ಗಿರುತ್ತದೆ. ನೀರೂ ಪಾರದರ್ಶಕವೇ, ಅಲ್ವಾ? ಬೆಳಕನ್ನು ತಿರುಗಿಸುವುದು ಬರೀ ಪ್ಲಾಸ್ಟಿಕ್ ಅಲ್ಲ, ಪ್ಲಾಸ್ಟಿಕ್‌ಗೂ ಗಾಳಿಗೂ ಇರುವ ವ್ಯತ್ಯಾಸ. ಅಕ್ರಿಲಿಕ್‌ನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) ಸುಮಾರು 1.49, ಗಾಳಿಯದು 1. ಹಾಗಾಗಿ ಒಳಗಿನಿಂದ ಬಂದ ಬೆಳಕು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ (ಮುಖಕ್ಕೆ ಲಂಬವಾದ ಗೆರೆಯಿಂದ ಅಳೆದಾಗ) ಮುಖಕ್ಕೆ ಬಿದ್ದರೆ ಪೂರ್ತಿ ಹಿಂದಕ್ಕೆ ಹೋಗುತ್ತದೆ. 90 ಡಿಗ್ರಿ ತುದಿಯ ಪ್ರಿಸಂನಲ್ಲಿ ಕೆಳಗಿನಿಂದ ನೇರವಾಗಿ ಬಂದ ಕಿರಣ 45 ಡಿಗ್ರಿಯಲ್ಲಿ ಬೀಳುತ್ತದೆ. ಅದು ಹಿಂದಿರುಗಿ, ಕೆಳಗಿನ ಬಿಳಿ ಹಾಳೆಗೆ ತಾಗಿ, ಬೇರೆ ಕೋನದಲ್ಲಿ ಮತ್ತೆ ಮೇಲೆ ಬರುತ್ತದೆ. ಎದುರಿಗೆ ಹೊಳಪು ಜಾಸ್ತಿಯಾಗುವುದು ಈ ಓಡಾಟದಿಂದಲೇ.

ನೀರಿನ ಸೂಚ್ಯಂಕ 1.33. ನೀರು ಬಿದ್ದ ಕಡೆ ಆ 42 ಡಿಗ್ರಿ 63ಕ್ಕೆ ಏರುತ್ತದೆ, 45ರಲ್ಲಿ ಬಂದ ಕಿರಣ ಸೀದಾ ಹೊರಗೆ. ಸಾಮಾನ್ಯ ಲ್ಯಾಕರ್ ಸೂಚ್ಯಂಕ ಅಕ್ರಿಲಿಕ್‌ಗೆ ತೀರಾ ಹತ್ತಿರ ಇರುವುದರಿಂದ ಬೆಳಕಿನ ಪಾಲಿಗೆ ನಿಮ್ಮ ಗೆರೆಗಳು ಇಲ್ಲವೇ ಇಲ್ಲ. ದುಡ್ಡು ಕೊಟ್ಟು ತಂದ ಫಿಲ್ಮನ್ನು ಮತ್ತೆ ದುಡ್ಡು ಕೊಟ್ಟು ಸಪಾಟು ಮಾಡಿದ ಹಾಗೆ.

ಪ್ರಶ್ನೆ (ಅವರೇ): ಕಡಿಮೆ ಸೂಚ್ಯಂಕದ ಫ್ಲೋರಿನ್ ಕೋಟಿಂಗ್ ಬರುತ್ತದಂತೆ, ಅದು?

ಉತ್ತರ: 1.35ರ ಆಸುಪಾಸಿನದು ಸಿಗುತ್ತದೆ. ಆದರೂ ನೀರಿಗಿಂತ ಸ್ವಲ್ಪ ಜಾಸ್ತಿಯೇ ಆಯಿತಲ್ಲ! ನಿಮ್ಮ ಪ್ರಿಸಂಗೆ ಆಗಿಬರುವುದಿಲ್ಲ. ಬೆಳಕನ್ನು ಸ್ವಲ್ಪವೇ ಬಾಗಿಸುವ, ಇಳಿಜಾರು ಕಡಿಮೆ ಇರುವ ಟೆಕ್ಸ್ಚರ್‌ಗೆ ನಡೆಯುತ್ತದೆ. ಆದರೆ ಅಲ್ಲೂ ಸುಮ್ನೆ ಬಳಿಯುವಂತಿಲ್ಲ. ವ್ಯತ್ಯಾಸ 0.49ರಿಂದ 0.14ಕ್ಕೆ ಇಳಿಯುವುದರಿಂದ ಮೊದಲಿನಷ್ಟೇ ಬಾಗಬೇಕಾದರೆ ಇಳಿಜಾರು ಸುಮಾರು ಮೂರೂವರೆ ಪಟ್ಟು ಬೇಕು. ಅಂದರೆ ಅಚ್ಚನ್ನೇ ಬದಲಿಸಬೇಕು. ಅದು ಫಿಲ್ಮ್ ತಯಾರಿಸುವವರ ಕೆಲಸ, ಜೋಡಿಸುವವರದಲ್ಲ.

ನಿಮಗೆ ಬೇಕಾದ್ದು ಗಾಳಿಯ ಪದರ ಉಳಿಸಿಕೊಂಡು ಮೇಲೊಂದು ಮುಚ್ಚಳ. ಪ್ರಿಸಂ ಮೇಲೆ ಡಿಫ್ಯೂಸರ್ ಶೀಟನ್ನು (ಬೆಳಕನ್ನು ಹರಡುವ ಹಾಳೆ) ಸಡಿಲವಾಗಿ ಕೂರಿಸಿ, ಫ್ರೇಮಿನ ಅಂಚಿನಲ್ಲಿ ಮಾತ್ರ ಹಿಡಿಸಿ. ಬಿಸಿಗೆ ಶೀಟ್ ಹಿಗ್ಗುತ್ತದೆ, ಅದಕ್ಕೂ ಜಾಗ ಬಿಡಿ. ಪ್ರಿಸಂ ತುದಿಗೆ ತಾಗುವ ಮುಖ ಮ್ಯಾಟ್ ಇದ್ದರೆ ಒಳ್ಳೆಯದು, ಅಂಟಿಕೊಂಡ ಹಾಗೆ ಕಾಣುವ ಕಲೆಗಳು ಕಡಿಮೆಯಾಗುತ್ತವೆ.

ಇನ್ನು ಗೀರು. ಜೋಡಿಸುವಾಗಲೇ ಬೀಳುತ್ತಿದ್ದರೆ ನನ್ನ ಅನುಮಾನ ಕೋಟಿಂಗ್ ಮೇಲಲ್ಲ, ಮೇಜಿನ ಮೇಲೆ. ಮೇಲಿರುವ ರಕ್ಷಣೆಯ ಹಾಳೆ, ಅಂದರೆ ಮಾಸ್ಕಿಂಗ್ ಫಿಲ್ಮನ್ನು, ಕತ್ತರಿಸುವ ಹಂತದಲ್ಲೇ ಕಿತ್ತು, ಹಾಳೆಗಳನ್ನು ಒಂದರ ಮೇಲೊಂದು ಪೇರಿಸುವ ಯೂನಿಟ್‌ಗಳು ಬಹಳ. ಅದನ್ನು ಕೊನೆಗೆ, ಫ್ರೇಮ್ ಮುಚ್ಚುವ ಮುಂಚೆ ಕೀಳಿ. ಕೀಳುವಾಗ ಸ್ಟ್ಯಾಟಿಕ್ ಹುಟ್ಟುತ್ತದೆ, ನಮ್ಮ ಕಡೆಯ ಬೇಸಿಗೆ ಧೂಳಿಗೆ ಅಷ್ಟು ಸಾಕು. ಸ್ಟ್ಯಾಟಿಕ್ ಕಳೆಯುವ ಅಯಾನೈಸಿಂಗ್ ಬ್ಲೋವರ್ ಇಡಿ. ಬಟ್ಟೆಯಿಂದ ಉಜ್ಜಬೇಡಿ.

ಪ್ರಶ್ನೆ (ಚಿಕ್ಕಬಳ್ಳಾಪುರ): ಪೂರ್ತಿ ಹಾಳೆಗೆ ಪಾರದರ್ಶಕ ಅಂಟಿನ ಟೇಪ್ ಹಾಕಿ ಕವರ್ ಅಂಟಿಸಿದರೆ? ಅಲುಗಾಡುವುದು ತಪ್ಪುತ್ತದೆ.

ಉತ್ತರ: ಅಂಟಿನ ದಪ್ಪ ನೋಡಿ. ಗೆರೆಗಳ ಅಂತರ 50 ಮೈಕ್ರಾನ್ ಅಂದುಕೊಳ್ಳಿ, 90 ಡಿಗ್ರಿ ಪ್ರಿಸಂ ಆದರೆ ಎತ್ತರ 25. ಅಂಟಿನ ಪದರವೂ 25 ಮೈಕ್ರಾನ್ ಇದ್ದರೆ ಒತ್ತಿದಾಗ ತಗ್ಗೆಲ್ಲ ತುಂಬಬಹುದು. ತುದಿ 2 ಮೈಕ್ರಾನ್ ಮಾತ್ರ ಮುಳುಗಿದರೆ 50ರಲ್ಲಿ 4 ಮೈಕ್ರಾನ್ ಅಗಲ, ಅಂದರೆ ಶೇ 8 ಜಾಗ ಕೆಲಸ ಬಿಡುತ್ತದೆ. ಇಷ್ಟನ್ನು ಒಪ್ಪಿಕೊಂಡು ತೆಳು ಅಂಟಿನಲ್ಲಿ ತುದಿಗಳನ್ನಷ್ಟೇ ಹಿಡಿಸುವ ಫಿಲ್ಮ್‌ಗಳಿವೆ. ಕೈಯಲ್ಲಿ ರೋಲರ್ ಹಿಡಿದು ಮಾಡುವಂಥದ್ದಲ್ಲ ಅದು.

ಪ್ರಶ್ನೆ (ಕೋಲಾರ): ನಾವು ರಸ್ತೆ ಫಲಕ ಮಾಡುತ್ತೇವೆ. ಪ್ರಿಸಂ ಇರುವ ರಿಫ್ಲೆಕ್ಟಿವ್ ಶೀಟ್ ಮೇಲೆ ಬಣ್ಣದ ಓವರ್‌ಲೇ ಪೂರ್ತಿ ಅಂಟಿಸುತ್ತೇವಲ್ಲ, ಅಲ್ಲಿ ಏನೂ ಆಗಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ. ನೀವು ಅಂಟಿಸುವುದು ನಯವಾದ ಮುಂದಿನ ಮುಖಕ್ಕೆ. ಪ್ರಿಸಂ ಇರುವುದು ಹಿಂದೆ. ಲೋಹ ಲೇಪಿಸದ ಶೀಟ್‌ಗಳಲ್ಲಿ ಹಿಂದಿನ ಹಾಳೆಯನ್ನು ಜೇನುಗೂಡಿನಂಥ ಗೆರೆಗಳಲ್ಲಷ್ಟೇ ಬೆಸೆದು, ನಡುವಿನ ಕೋಶಗಳಲ್ಲಿ ಗಾಳಿ ಉಳಿಸಿರುತ್ತಾರೆ. ಬೆಸೆದ ಜಾಗದಲ್ಲಿ ಪ್ರತಿಫಲನ ಹೋಗುತ್ತದೆ, ಅದು ಗಾಳಿಗಾಗಿ ತೆತ್ತ ಬೆಲೆ. ಕತ್ತರಿಸಿದ ಅಂಚಿನ ಕೋಶಗಳು ಮಾತ್ರ ಬಾಯಿ ತೆರೆದಿರುತ್ತವೆ. ನೀರು ಹೊಕ್ಕರೆ ರಾತ್ರಿ ಅಷ್ಟು ಜಾಗ ಕಪ್ಪು. ಅಂಚಿಗೆ ಏನು ಹಚ್ಚಬೇಕು ಅಂತ ಆ ಶೀಟಿನ ಡೇಟಾಶೀಟ್‌ನಲ್ಲಿ ನೋಡಿ ಮಾಡಿ.

ಪ್ರಶ್ನೆ (ಮಾಲೂರು): ಧೂಳು ಕೂತ ಪ್ರಿಸಂ ಶೀಟನ್ನು ಬೋರ್‌ವೆಲ್ ನೀರಲ್ಲಿ ತೊಳೆಯಬಹುದಾ?

ಉತ್ತರ: ಗಡಸು ನೀರು ಆರಿದ ಮೇಲೆ ತಗ್ಗುಗಳಲ್ಲಿ ಸುಣ್ಣದಂಥ ಬಿಳಿ ಕಲೆ ಉಳಿಯುತ್ತದೆ, ತೆಗೆಯುವುದು ಕಷ್ಟ. ಮೊದಲು ಗಾಳಿ ಊದಿ. ಹೋಗದಿದ್ದರೆ ಡಿಅಯಾನೈಸ್ಡ್ (ಲವಣ ತೆಗೆದ) ನೀರಲ್ಲಿ ಅದ್ದಿ ತೆಗೆದು, ಗೆರೆಗಳ ಉದ್ದಕ್ಕೇ ಗಾಳಿ ಹಾಯಿಸಿ ಒಣಗಿಸಿ. ಅಸಿಟೋನ್, ಥಿನ್ನರ್ ಹತ್ತಿರವೂ ತರಬೇಡಿ. ಅಕ್ರಿಲಿಕ್ ಮಂಕಾಗಿ ಬಿರುಕು ಬಿಡುತ್ತದೆ.