ಬಾವಿಯಿಂದ ಮಗುವಿನ ಶವ ತೆಗೆದ ತಂಡವನ್ನು ಮರುದಿನ ಕೂರಿಸಿ ಮಾತಾಡಿಸಬೇಕೇ?

ಕೆಂಪುವಾಹನ:
ನಮ್ಮ ಅಗ್ನಿಶಾಮಕ ಠಾಣೆಯವರು ಬಾವಿಗೆ ಬಿದ್ದ ಮಗುವಿನ ಶವ ಮೇಲೆತ್ತಿದ್ದಾರೆ. ಇಳಿದ ಫೈರ್‌ಮ್ಯಾನ್‌ಗೂ ಅದೇ ವಯಸ್ಸಿನ ಮಗಳಿದ್ದಾಳೆ. ಮರುದಿನ ಹಾಜರಿ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ, ಏನು ಕಂಡಿರಿ, ಏನನ್ನಿಸಿತು ಅಂತ ಒಬ್ಬೊಬ್ಬರಿಂದ ಹೇಳಿಸಿ ಎಂಬ ಸಲಹೆ ಬಂದಿದೆ. ಸರಿಯಾ? ಇಳಿದವರಿಗೆ ವಾರ ರಜೆ ಕೊಟ್ಟು ಊರಿಗೆ ಕಳಿಸೋದಾ?

ಏಣಿ_ಹಗ್ಗ:
ಒತ್ತಾಯದಿಂದ ಹೇಳಿಸಬೇಡಿ ಸರ್. ಅಮೆರಿಕದ ಜೆಫ್ರಿ ಮಿಚೆಲ್ 1983ರಲ್ಲಿ ಮುಂದಿಟ್ಟ, ಘಟನೆಯಾದ ಮೇಲೆ ಕೂರಿಸಿ ಕಂಡದ್ದು ಅನ್ನಿಸಿದ್ದು ಹೇಳಿಸುವ ಡಿಬ್ರೀಫಿಂಗ್‌ನ ಜಾಡು ಇದು. ಘಟನೆಯಾದ ಕೂಡಲೇ ಒಂದೇ ಸಲ ಕೂರಿಸಿ ಮಾತಾಡಿಸಿದರೆ ಪಿಟಿಎಸ್‌ಡಿ (ಆಘಾತದ ನಂತರ ಬಹುಕಾಲ ಕಾಡುವ ಮಾನಸಿಕ ತೊಂದರೆ) ತಪ್ಪುವುದಿಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2002ರ ಪರಿಶೀಲನೆ ಹೇಳಿತು. ಅದು ಒಬ್ಬೊಬ್ಬರನ್ನೇ ಕೂರಿಸಿದ ಅಧ್ಯಯನಗಳದ್ದು, ನಿಜ. ಆದರೆ ಗುಂಪಿನಲ್ಲಿ ಬೇರೆ ತೊಂದರೆ ಇದೆ: ಮೇಲೆ ಹಗ್ಗ ಹಿಡಿದವರು ಮಗುವಿನ ಮುಖ ನೋಡಿರುವುದಿಲ್ಲ, ಇಳಿದವರ ವರ್ಣನೆ ಅವರ ತಲೆಯಲ್ಲೂ ಕೂತುಬಿಡುತ್ತೆ.

ಠಾಣೆಗೆ ಮರಳಿದ ಕೂಡಲೇ ಸ್ನಾನ, ಬಟ್ಟೆ ಬದಲು, ಬಿಸಿ ಚಹಾ, ಊಟ. ಆಮೇಲೆ ಹತ್ತು ನಿಮಿಷ ಕೆಲಸದ ಮಾತು ಮಾತ್ರ. "ಐದು ನಿಮಿಷ ಮೊದಲು ಹೋಗಿದ್ದರೆ" ಅನ್ನೋ ಕೊರಗೇ ಹೆಚ್ಚು ಕಾಡುವುದು. ಕರೆ ಬಂದ ಹೊತ್ತು, ತಲುಪಿದ ಹೊತ್ತು ದಾಖಲೆಯಲ್ಲಿರುತ್ತೆ, ತೋರಿಸಿ. ತಲುಪುವ ಮೊದಲೇ ಮಗು ತೀರಿಕೊಂಡಿದ್ದು ಖಚಿತವಿದ್ದರೆ ನೇರವಾಗಿ ಹೇಳಿ. ಖಚಿತವಿಲ್ಲದಿದ್ದರೆ ಸುಳ್ಳು ಸಮಾಧಾನ ಬೇಡ, ಮುಂದೆ ವರದಿ ಬಂದಾಗ ನಿಮ್ಮ ಮಾತಿನ ಮೇಲೇ ನಂಬಿಕೆ ಹೋಗುತ್ತೆ. ಫೋಟೊ ವಾಟ್ಸಾಪ್‌ಗೆ ಹೋಗಬಾರದು. ಮುಂದಿನ ಶವದ ಕರೆಗೆ ಬೇರೆಯವರನ್ನು ಇಳಿಸಿ.

ಮನೋ_ಶುಶ್ರೂಷಕಿ:
ರಜೆ ಬೇಕಾ ಅಂತ ಅವರನ್ನೇ ಕೇಳಿ. ಹೇರಿದ ರಜೆ ಶಿಕ್ಷೆಯಂತೆ ಕಾಣುತ್ತೆ, ಜೊತೆಗಾರರಿಂದಲೂ ದೂರ ಮಾಡುತ್ತೆ. ಬೇಡ ಅಂದರೆ ಕೆಲವು ದಿನ ಪಂಪ್ ಪರೀಕ್ಷೆ, ಹೋಸ್ ಒಣಹಾಕುವಂಥ ಕೆಲಸ ಕೊಡಿ.

ಕೆಟ್ಟ ಕನಸು, ಬೆಚ್ಚಿಬೀಳುವುದು ಬಹುಪಾಲು ಜನರಲ್ಲಿ ಕೆಲವೇ ವಾರಗಳಲ್ಲಿ ತಾನಾಗೇ ಇಳಿಯುತ್ತೆ. ತಿಂಗಳು ದಾಟಿದರೂ ಉಳಿದರೆ, ಬಾವಿಯಿರುವ ದಾರಿಯನ್ನೇ ತಪ್ಪಿಸುತ್ತಿದ್ದರೆ, ಮಗಳನ್ನು ಕಣ್ಣಿಂದ ಮರೆಯಾಗಲು ಬಿಡದಿದ್ದರೆ ಮನೋವೈದ್ಯರಿಗೆ ತೋರಿಸಿ. ಆಘಾತಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ, ವರ್ತನೆಯನ್ನು ತಿದ್ದುವ ಮಾತಿನ ಚಿಕಿತ್ಸೆ), ಇಎಂಡಿಆರ್ (ಕಣ್ಣಾಡಿಸುತ್ತಾ ಆ ನೆನಪನ್ನು ಎದುರಿಸುವ ಚಿಕಿತ್ಸೆ) ಇವೆ. ಸಾಯುವ ಮಾತಾಡಿದರೆ ತಿಂಗಳು ಕಾಯುವ ಪ್ರಶ್ನೆಯೇ ಇಲ್ಲ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಅಲ್ಲಿಯವರೆಗೆ ಒಂಟಿಯಾಗಿ ಬಿಡಬೇಡಿ.

ನಿದ್ದೆಗೆ ಅಂತ ಮದ್ಯ ಕುಡಿಯುವುದನ್ನು ಗಮನಿಸಿ. ಬೇಗ ನಿದ್ದೆ ಹತ್ತುತ್ತೆ, ರಾತ್ರಿಯ ಎರಡನೇ ಅರ್ಧ ಪೂರ್ತಿ ಒಡೆದುಹೋಗುತ್ತೆ. ಔಷಧಿ ಅಂಗಡಿಯಿಂದ ತಾವೇ ಆಲ್ಪ್ರಜೋಲಮ್ ಎಂಬ ಆತಂಕ ಇಳಿಸುವ, ಮಂಪರು ತರುವ ಮಾತ್ರೆ ತಂದು ನುಂಗುವುದೂ ಬೇಡ: ಚಟವಾಗುತ್ತೆ, ಕರೆ ಬಂದಾಗ ಮಂಪರು ಇಳಿದಿರುವುದಿಲ್ಲ.

ಕೆಂಪುವಾಹನ:
ತುಂಬಾ ಉಪಯೋಗವಾಯಿತು. ಮನೋವೈದ್ಯರ ಹತ್ತಿರ ಹೋದರೆ ಸೇವಾ ಪುಸ್ತಕಕ್ಕೆ ಸೇರುತ್ತೆ, ಬಡ್ತಿ ನಿಲ್ಲುತ್ತೆ ಅಂತ ಹುಡುಗರಿಗೆ ಭಯ.

ಮನೋ_ಶುಶ್ರೂಷಕಿ:
2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ವಿವರವನ್ನು ಗೌಪ್ಯವಾಗಿಡಬೇಕು. ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಆಸ್ಪತ್ರೆಗೆ ಹಿಂಜರಿಯುವವರು ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಲಿ. ಉಚಿತ, ದಿನವಿಡೀ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಠಾಣೆಯ ಫೋನ್ ಬೇಡ, ತಮ್ಮ ಮೊಬೈಲ್‌ನಿಂದಲೇ ಮಾಡಲಿ.