ಆಯಿಲರ್ಸ್ ಡ್ರಾಫ್ಟ್‌ನಲ್ಲಿ ಗಳಿಸಿದ್ದೆಷ್ಟು, ಕಳೆದದ್ದೆಷ್ಟು? ಇನ್ನು ಯಾರನ್ನು ಕೊಟ್ಟು ಯಾರನ್ನು ತರಬೇಕು?

(ಅಕ್ಟೋಬರ್ 2025)

ಆಯಿಲ್‌ಕಂಟ್ರಿ ಕನ್ನಡಿಗ

ನಮ್ಮ ಐಸ್ ಹಾಕಿ ತಂಡ ಎಡ್ಮಂಟನ್ ಆಯಿಲರ್ಸ್‌ಗೆ ಮೆಕ್‌ಡೇವಿಡ್ ಕೊನೆಗೂ ಸಹಿ ಹಾಕಿದ. ಎರಡೇ ವರ್ಷದ ಒಪ್ಪಂದ, ವರ್ಷಕ್ಕೆ 1.25 ಕೋಟಿ ಡಾಲರ್. ಈಗಿನ ಸಂಬಳ ಎಷ್ಟೋ ಅಷ್ಟೇ. ಅದೇ ತಂಡದಲ್ಲಿ ಡ್ರೈಸೈಟಲ್‌ಗೆ 1.4 ಕೋಟಿ. ಜಗತ್ತಿನ ಅತ್ಯುತ್ತಮ ಆಟಗಾರ ಅದಕ್ಕಿಂತ ಕಮ್ಮಿಗೆ ಒಪ್ಪಿದ್ದಾನೆ ಅಂದರೆ, ಉಳಿದ ದುಡ್ಡಲ್ಲಿ ತಂಡ ಕಟ್ಟಿ, 2028ರ ಬೇಸಿಗೆಯೊಳಗೆ ಲೀಗಿನ ಸ್ಟ್ಯಾನ್ಲಿ ಕಪ್ ಗೆಲ್ಲೋಣ ಅಂತ ಕೇಳಿದ ಹಾಗೆ.

ಅವತ್ತಿನಿಂದ ಎಲ್ಲರ ಬಾಯಲ್ಲೂ ಒಂದೇ ಮಾತು: ನಮ್ಮ ಎಳೆಯ ಆಟಗಾರರಾದ ಸವೊಯ್‌ನ ಕೊಡೋಣ, ಹೋವರ್ಡ್‌ನ ಕೊಡೋಣ, ಒಬ್ಬ ಗಟ್ಟಿ ಗೋಲ್‌ಕೀಪರ್ ತರೋಣ. ನಾನು ಇದನ್ನು ಒಪ್ಪುವುದಿಲ್ಲ. ಇಲ್ಲಿಯವರೆಗೆ ನಾವು ಹೀಗೆ ಏನೇನು ಕೊಟ್ಟೆವು ಅಂತ ಒಮ್ಮೆ ಲೆಕ್ಕ ತೆಗೆಯೋಣ.

ಹೊಸ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ನಮಗೆ 2010ರಲ್ಲಿ ಟೇಲರ್ ಹಾಲ್, 2011ರಲ್ಲಿ ನ್ಯೂಜೆಂಟ್-ಹಾಪ್ಕಿನ್ಸ್, 2012ರಲ್ಲಿ ಯಾಕುಪೊವ್, 2015ರಲ್ಲಿ ಮೆಕ್‌ಡೇವಿಡ್. ಆರು ಡ್ರಾಫ್ಟ್‌ಗಳಲ್ಲಿ ನಾಲ್ಕು ಸಲ ಮೊದಲ ಆಯ್ಕೆ ನಮ್ಮದೇ. ಇಷ್ಟು ಕೈಗೆ ಬಂದ ತಂಡ ಇನ್ನೊಂದಿಲ್ಲ. ಆದರೆ ಮೆಕ್‌ಡೇವಿಡ್ ಸಿಕ್ಕಿದ ದಿನವೇ, ಅದೇ ಮೊದಲ ಸುತ್ತಿನ ನಮ್ಮ 16ನೇ ಆಯ್ಕೆಯನ್ನೂ 33ನೆಯದನ್ನೂ ನ್ಯೂಯಾರ್ಕ್ ಐಲೆಂಡರ್ಸ್‌ಗೆ ಕೊಟ್ಟು ಗ್ರಿಫಿನ್ ರೈನ್‌ಹಾರ್ಟ್‌ನನ್ನು ತಂದರು. ಅವನು ನಮಗೆ ಆಡಿದ್ದು 29 ಪಂದ್ಯ. ಐಲೆಂಡರ್ಸ್ ಆ 16ನೆಯದರಲ್ಲಿ ಮ್ಯಾಥ್ಯೂ ಬಾರ್ಜಾಲ್‌ನನ್ನು ಆರಿಸಿಕೊಂಡರು. 2018ರ ಅತ್ಯುತ್ತಮ ಹೊಸಬ ಪ್ರಶಸ್ತಿ ಅವನಿಗೆ ಬಂತು.

ಮರು ವರ್ಷ ಜೂನ್ 29ಕ್ಕೆ ಹಾಲ್‌ನನ್ನು ನ್ಯೂಜೆರ್ಸಿಗೆ ಕಳಿಸಿ ಆಡಮ್ ಲಾರ್ಸನ್ ತಂದರು. ಒಬ್ಬನಿಗೆ ಒಬ್ಬ. ಹಾಲ್ 2018ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನಾದ. ಲಾರ್ಸನ್ 2021ರಲ್ಲಿ ಸಿಯಾಟಲ್‌ಗೆ ಹೋದ, ನಮಗೆ ಬದಲಿಗೆ ಏನೂ ಬರಲಿಲ್ಲ. ನಮ್ಮ ಇನ್ನೊಬ್ಬ ಆಟಗಾರ ಎಬರ್ಲೆ ಕಥೆ ಇನ್ನೂ ಬೇಸರದ್ದು. ಅವನನ್ನು ಕೊಟ್ಟು ಸ್ಟ್ರೋಮ್, ಸ್ಟ್ರೋಮ್ ಕೊಟ್ಟು ಸ್ಪೂನರ್, ಸ್ಪೂನರ್ ಕೊಟ್ಟು ಗ್ಯಾನ್ಯೇ. ಪ್ರತಿ ಹೆಜ್ಜೆಗೂ ಕೈಯಲ್ಲಿದ್ದದ್ದು ಸಣ್ಣದಾಗುತ್ತಲೇ ಹೋಯಿತು.

ಮೊದಲ ಆಯ್ಕೆ ಅನ್ನುವುದು ಸೋತವರಿಗೆ ಲಾಟರಿ ಕೊಡುವುದು. ತಂಡದ ಬುದ್ಧಿ ಕಾಣುವುದು ಅದರ ಕೆಳಗಿನ ಆಯ್ಕೆಗಳಲ್ಲಿ. ಅವನ್ನೇ ನಾವು ಹತ್ತು ವರ್ಷದಿಂದ ಹಂಚುತ್ತಾ ಬಂದಿದ್ದೇವೆ.

ಧಾರವಾಡ ಪೇಡೆ

ಅಣ್ಣಾರ, ನೀವು ಹೇಳಿದ ಹಳೇ ಟ್ರೇಡ್ ಎಲ್ಲಾ ಕೆಟ್ಟವ, ಅದಕ್ಕ ನಂದೂ ಹೂಂ ಐತಿ. ಆದ್ರ ಅದರಿಂದ "ಟ್ರೇಡ್ ಮಾಡಬ್ಯಾಡ್ರಿ" ಅನ್ನೂ ತೀರ್ಮಾನಕ್ಕ ಹೆಂಗ ಬಂದ್ರಿ?

ಎರಡು ವರ್ಷ ಫೈನಲ್‌ದಾಗ ನಮ್ಮನ್ನ ಸೋಲಿಸಿದ ಫ್ಲೋರಿಡಾ ಪ್ಯಾಂಥರ್ಸ್‌ನ ನೋಡ್ರಿ. 2014ರ ಡ್ರಾಫ್ಟ್ ತಗೀರಿ. ಮೊದಲನೇದಾಗಿ ಎಕ್‌ಬ್ಲಾಡ್, ಎರಡನೇದಾಗಿ ಸ್ಯಾಮ್ ರೈನ್‌ಹಾರ್ಟ್, ಮೂರನೇದಾಗಿ ನಮ್ಮ ಡ್ರೈಸೈಟಲ್, ನಾಕನೇದಾಗಿ ಸ್ಯಾಮ್ ಬೆನೆಟ್. ನಮ್ಮವನ್ನ ಬಿಟ್ರ ಉಳಿದ ಮೂವರೂ ಇವತ್ತ ಫ್ಲೋರಿಡಾದಾಗ ಅದಾರ! ಎಕ್‌ಬ್ಲಾಡ್ ಒಬ್ಬನ್ನಷ್ಟ ಅವರು ಆರಿಸಿದ್ದು. ರೈನ್‌ಹಾರ್ಟ್‌ನ ಬಫಲೋದಿಂದ, ಬೆನೆಟ್‌ನ ಕ್ಯಾಲ್ಗರಿಯಿಂದ ಟ್ರೇಡ್ ಮಾಡಿ ತಂದ್ರು. 2024ರ ಏಳನೇ ಪಂದ್ಯದಾಗ 2-1 ಗೆಲುವಿನ ಗೋಲು ಹೊಡದಾವ ರೈನ್‌ಹಾರ್ಟ್. 2025ರ ಆರನೇ ಪಂದ್ಯದಾಗ ನಾಕು ಗೋಲು ಹೊಡದಾವನೂ ಅವನ. ಆ ವರ್ಷದ ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಬೆನೆಟ್.

ಇನ್ನೊಂದು ಮಾತು. ಈ ಸ್ಯಾಮ್, ನೀವು ಹೇಳಿದ ಗ್ರಿಫಿನ್ ರೈನ್‌ಹಾರ್ಟ್‌ನ ತಮ್ಮ. ಅಣ್ಣನ ಸಲುವಾಗಿ ಬಾರ್ಜಾಲ್‌ನ ಕಳಕೊಂಡ್ವಿ, ತಮ್ಮನ ಕೈಯಾಗ ಕಪ್ ಕಳಕೊಂಡ್ವಿ. ನೆನಸಿದ್ರ ಇವತ್ತೂ ಹೊಟ್ಟಿ ಉರೀತೈತ್ರಿ.

ಡ್ರಾಫ್ಟ್ ಹಿಡಕೊಂಡು ಕುಂತ್ರ ಕಪ್ ಬರೂದಿಲ್ಲ. ಆಯ್ಕೆ ಅಂದ್ರ ರೊಕ್ಕ ಇದ್ದಂಗ, ಖರ್ಚು ಮಾಡಾಕನ ಇರೂದು.

ಪೊನ್ನಂಪೇಟೆ

ನಾನು ನೆಲದ ಮೇಲಿನ ಹಾಕಿಯವನು, ಐಸ್ ಹಾಕಿ ನೋಡಲು ಶುರು ಮಾಡಿದ್ದು ಮಗಳು ಕೆನಡಾಕ್ಕೆ ಹೋದ ಮೇಲೆ. ನಮ್ಮ ಕೊಡವ ಹಾಕಿ ಹಬ್ಬದಲ್ಲಿ, 1997ರಲ್ಲಿ ಕರಡದಲ್ಲಿ ಶುರುವಾದಾಗಿನಿಂದಲೂ, ಮನೆತನದ ಹೆಸರಲ್ಲೇ ತಂಡ. ಇನ್ನೊಂದು ಮನೆಯ ಆಟಗಾರನನ್ನು ಕೊಂಡು ತರುವ ಮಾತೇ ಇಲ್ಲ. ಐಪಿಎಲ್ ಹರಾಜು ಗೊತ್ತು, ಅಲ್ಲಿ ದುಡ್ಡಿದ್ದವನು ಕೂಗುತ್ತಾನೆ. ಈ ಡ್ರಾಫ್ಟ್‌ನಲ್ಲಿ ಸೋತವನಿಗೆ ಮೊದಲು ಕೊಡುವುದೇಕೆ? ಬೇಕೆಂದೇ ಸೋಲುವುದಿಲ್ಲವೇ?

ನೀಲಿಗೆರೆ

ಸರ್, ಹದಿನೆಂಟು ತುಂಬಿದ ಹುಡುಗರನ್ನು 32 ತಂಡಗಳು ಸರದಿಯಲ್ಲಿ ಆರಿಸುತ್ತವೆ, ಒಟ್ಟು ಏಳು ಸುತ್ತು. ಪಟ್ಟಿಯ ಕೆಳಗಿದ್ದವರ ಸರದಿ ಮೊದಲು. ಬೇಕೆಂದೇ ಸೋಲಬಾರದು ಅಂತಲೇ ಲಾಟರಿ ಇಟ್ಟಿದ್ದು: ಕೊನೆಯ ಸ್ಥಾನದವರಿಗೆ ಅವಕಾಶ ಹೆಚ್ಚು, ಆದರೆ ಖಾತ್ರಿ ಇಲ್ಲ. 2015ರಲ್ಲಿ ಬಫಲೋಗೆ 20 ಶೇಕಡಾ ಅವಕಾಶವಿತ್ತು, ಎಡ್ಮಂಟನ್‌ಗೆ 11.5. ಗೆದ್ದದ್ದು ಎಡ್ಮಂಟನ್. ಆ ಚೀಟಿ ಬೇರೆ ಬಿದ್ದಿದ್ದರೆ ಇವತ್ತು ನಾವು ಈ ಮಾತೇ ಆಡುತ್ತಿರಲಿಲ್ಲ. ತನ್ನ ಸರದಿಯನ್ನು ಯಾವ ತಂಡವಾದರೂ ಮುಂಚೆಯೇ ಇನ್ನೊಬ್ಬರಿಗೆ ಬಿಟ್ಟುಕೊಡಬಹುದು, ಅದೇ ಇಲ್ಲಿನ ಜಗಳದ ಮೂಲ.

ಈಗ ಧಾರವಾಡದವರಿಗೆ. ಫ್ಲೋರಿಡಾ ಉದಾಹರಣೆ ಸರಿ, ಆದರೆ ಅವರು ತಂದವರ ವಯಸ್ಸು ನೋಡಿದಿರಾ? ಬೆನೆಟ್ ಬಂದಾಗ 24, ರೈನ್‌ಹಾರ್ಟ್ 25, ಕ್ಯಾಲ್ಗರಿಯಿಂದ ಮ್ಯಾಥ್ಯೂ ಕಚಕ್ ಬಂದಾಗ 24. ಬೇರೆ ತಂಡ ತಾಳ್ಮೆ ಕಳಕೊಂಡ, ಇಲ್ಲವೇ ಉಳಿಸಿಕೊಳ್ಳಲಾಗದ ಹುಡುಗರನ್ನು, ಆಟ ಇನ್ನೂ ಏರುತ್ತಿರುವಾಗ ತಂದರು. ನಾವು ತಂದದ್ದು? ಡಂಕನ್ ಕೀತ್‌ಗೆ 38 ತುಂಬಲು ದಿನಗಳು ಬಾಕಿ, ಒಂದು ಸೀಸನ್ ಆಡಿ ನಿವೃತ್ತ. ಹೆನ್ರಿಕ್ ಬಂದಾಗ 34. 2020ರಲ್ಲಿ ಅಥನಾಸಿಯುಗೆ ಎರಡು ಎರಡನೇ ಸುತ್ತಿನ ಆಯ್ಕೆ ಕೊಟ್ಟೆವು. ಅವನು ಎಳೆಯ, ನಿಜ, ಆದರೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಅವನನ್ನೂ ಬಿಟ್ಟೆವು. ಎರಡೂ ತಂಡ ಖರ್ಚು ಮಾಡಿದ್ದು ಒಂದೇ ಬಗೆಯ ಸಾಮಾನು, ಕೊಂಡದ್ದು ಬೇರೆ ಬೇರೆ.

ಧಾರವಾಡ ಪೇಡೆ

ನಾವು ತಂದ ಡಿಫೆನ್ಸ್ ಆಟಗಾರ ಎಕ್‌ಹೋಮ್‌ನ ಯಾಕ ಬಿಟ್ರಿ? ಅವ ಬಂದಾಗ 32. 2023ರ ಮೊದಲ ಸುತ್ತಿನ ಆಯ್ಕೆ, ರೀಡ್ ಶೇಫರ್, ಬ್ಯಾರಿ, ಎಲ್ಲಾ ಸೇರಿಸಿ ಕೊಟ್ವಿ. ಅವ ಬಂದ ಮ್ಯಾಲ ನಮ್ಮ ಎಳೆ ಡಿಫೆನ್ಸ್ ಆಟಗಾರ ಬೂಷಾರ್ಡ್ ಹೆಂಗ ಅರಳಿದ ನೋಡ್ರಿ. ಎಕ್‌ಹೋಮ್ ಇಲ್ಲದ ಎರಡು ಫೈನಲ್ ಆಗ್ತಿದ್ದಿಲ್ಲ.

ಆಯಿಲ್‌ಕಂಟ್ರಿ ಕನ್ನಡಿಗ

ಎಕ್‌ಹೋಮ್ ಟ್ರೇಡ್ ಒಳ್ಳೆಯದೇ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಬೂಷಾರ್ಡ್ ಎಲ್ಲಿಂದ ಬಂದ? 2018ರ ಡ್ರಾಫ್ಟ್, 10ನೇ ಆಯ್ಕೆ. ಅವನನ್ನು ಆಗಲೇ ಮಾರಿದ್ದರೆ ಎಕ್‌ಹೋಮ್ ಪಕ್ಕದಲ್ಲಿ ಅರಳಲು ಯಾರಿರುತ್ತಿದ್ದರು?

ಮೊದಲ ಸುತ್ತಿನ ಆಯ್ಕೆಗಳನ್ನು ವರ್ಷವಾರು ಹೇಳುತ್ತೇನೆ. 2022ರ ಶೇಫರ್, ಎಕ್‌ಹೋಮ್‌ಗೆ. 2023ರದ್ದು, ಎಕ್‌ಹೋಮ್‌ಗೇ. 2024ರದ್ದು, ಹೆನ್ರಿಕ್‌ಗೆ. 2025ರದ್ದನ್ನು ಫಿಲಡೆಲ್ಫಿಯಾಗೆ ಕೊಟ್ಟು, ಒಂದು ವರ್ಷ ಮುಂಚಿತವಾಗಿ ಸ್ಯಾಮ್ ಓ'ರೈಲಿಯನ್ನು ಆರಿಸಿದರು, ಈ ಜುಲೈನಲ್ಲಿ ಅವನನ್ನು ಟ್ಯಾಂಪಾಗೆ ಕೊಟ್ಟು ಹೋವರ್ಡ್ ತಂದರು. 2026ರದ್ದು ವಾಲ್‌ಮನ್‌ಗಾಗಿ ಸ್ಯಾನ್‌ಹೋಸೆಗೆ ಹೋಗಿದೆ. ಐದು ವರ್ಷದ ಮೊದಲ ಸುತ್ತಿನಿಂದ ಉಳಿದಿರುವ ಎಳೆಯ ಆಟಗಾರ ಹೋವರ್ಡ್ ಒಬ್ಬನೇ. ಅಮೆರಿಕದ ಕಾಲೇಜು ಹಾಕಿಯ ಅತ್ಯುತ್ತಮ ಆಟಗಾರ ಅಂತ ಈ ವರ್ಷವೇ ಹೋಬಿ ಬೇಕರ್ ಪ್ರಶಸ್ತಿ ಪಡೆದ ಹುಡುಗ. ಅವನನ್ನೂ ಕೊಡಿ ಅನ್ನುತ್ತೀರಲ್ಲ!

ಇನ್ನು ಆಗಸ್ಟ್ 2024. ಇದು ನನಗೆ ಎಲ್ಲಕ್ಕಿಂತ ನೋವಿನದು. 2019ರ 8ನೇ ಆಯ್ಕೆ ಬ್ರೋಬರ್ಗ್, 2020ರ 14ನೇ ಆಯ್ಕೆ ಹಾಲೊವೇ. ಇಬ್ಬರನ್ನೂ ವರ್ಷಗಟ್ಟಲೆ ಬೆಳೆಸಿ, ಫೈನಲ್ ಆಡಿಸಿ, ಹಣ್ಣಾಗುವ ಹೊತ್ತಿಗೆ ಸೇಂಟ್ ಲೂಯಿಸ್ ಬ್ಲೂಸ್ ಇಬ್ಬರಿಗೂ ಒಟ್ಟಿಗೆ ಆಫರ್ ಶೀಟ್ ಇಟ್ಟಿತು, ಅಂದರೆ ನಾವು ಸರಿಗಟ್ಟದಿದ್ದರೆ ಅವರನ್ನು ಕರೆದೊಯ್ಯುವ ಒಪ್ಪಂದ. ಬ್ರೋಬರ್ಗ್‌ಗೆ ವರ್ಷಕ್ಕೆ 45.8 ಲಕ್ಷ ಡಾಲರ್, ಹಾಲೊವೇಗೆ 22.9 ಲಕ್ಷ. ಸರಿಗಟ್ಟಲು ಏಳು ದಿನ ಸಮಯ. ಸ್ಯಾಲರಿ ಕ್ಯಾಪ್‌ನಲ್ಲಿ, ಅಂದರೆ ತಂಡದ ಒಟ್ಟು ಸಂಬಳದ ಮಿತಿಯಲ್ಲಿ, ಜಾಗವಿಲ್ಲ ಅಂತ ಬಿಟ್ಟೆವು. ಬದಲಿಗೆ ಬಂದದ್ದು ಒಂದು ಎರಡನೇ ಸುತ್ತು, ಒಂದು ಮೂರನೇ ಸುತ್ತು. ಮುಂದಿನ ಸೀಸನ್ನಿನಲ್ಲಿ ಹಾಲೊವೇ ಗೋಲು, ನೆರವು ಎಲ್ಲ ಸೇರಿ 63 ಪಾಯಿಂಟ್ ಗಳಿಸಿದ. ಆ ಎರಡನೇ ಸುತ್ತೂ ಉಳಿಯಲಿಲ್ಲ, ಫ್ರೆಡರಿಕ್‌ಗಾಗಿ ಬಾಸ್ಟನ್‌ಗೆ ಹೋಯಿತು.

ಕಮ್ಮಿ ಸಂಬಳದ ಎಳೆಯ ಆಟಗಾರರು ಯಾಕೆ ಬೇಕು ಅಂದರೆ ಇದಕ್ಕೇ. ಡ್ರೈಸೈಟಲ್ 1.4 ಕೋಟಿ, ಮೆಕ್‌ಡೇವಿಡ್ 1.25, ಬೂಷಾರ್ಡ್ 1.05, ನರ್ಸ್ 92.5 ಲಕ್ಷ. ಈ ವರ್ಷದ ಕ್ಯಾಪ್ 9.55 ಕೋಟಿ. ಅರ್ಧ ದುಡ್ಡು ನಾಲ್ವರಿಗೇ ಹೋಗುತ್ತದೆ. ಉಳಿದ ಹತ್ತೊಂಬತ್ತು ಮಂದಿಯಲ್ಲಿ ಮೂರು ನಾಲ್ಕು ಜನ ಹತ್ತು ಲಕ್ಷದ ಒಳಗೆ ಚೆನ್ನಾಗಿ ಆಡದಿದ್ದರೆ ತಂಡ ನಿಲ್ಲುವುದಿಲ್ಲ.

ಕ್ಯಾಲ್ಗರಿ ಕಡೆಯವ

ಎದುರಾಳಿ ಊರಿನವನು, ಒಂದು ಮಾತಿಗೆ ಅವಕಾಶ ಕೊಡಿ. 2016ರಲ್ಲಿ ನೀವು 4ನೇ ಆಯ್ಕೆಯಲ್ಲಿ ಪುಲ್ಯುಯಾರ್ವಿಯನ್ನು ತೆಗೆದುಕೊಂಡಿರಿ, 6ರಲ್ಲಿ ನಮಗೆ ಕಚಕ್ ಸಿಕ್ಕಿದ. ನಾವು ಚೆನ್ನಾಗಿಯೇ ಆರಿಸಿದೆವು, ಚೆನ್ನಾಗಿಯೇ ಬೆಳೆಸಿದೆವು. 2022ರಲ್ಲಿ ಅವನು ದೀರ್ಘ ಒಪ್ಪಂದಕ್ಕೆ ಒಪ್ಪಲಿಲ್ಲ, ಫ್ಲೋರಿಡಾಗೆ ಹೋಗಿ ಎರಡು ಕಪ್ ಎತ್ತಿದ. ಬೆನೆಟ್ ಕೂಡ ನಮ್ಮವನೇ. ಒಳ್ಳೆಯದಾಗಿ ಆರಿಸಿದರೆ ಸಾಲದು, ಆಟಗಾರನಿಗೆ ಅಲ್ಲಿ ಉಳಿಯಬೇಕು ಅನ್ನಿಸಬೇಕು. ಮೆಕ್‌ಡೇವಿಡ್‌ಗೂ ಡ್ರೈಸೈಟಲ್‌ಗೂ ಹಾಗೆ ಅನ್ನಿಸಿದೆ. ಆ ಭಾಗ್ಯ ನಮಗಿರಲಿಲ್ಲ.

ಹಳೇ ಕೊಲಿಸಿಯಂ

ನಾನು ಎಡ್ಮಂಟನ್‌ಗೆ ಬಂದದ್ದು ಆಯಿಲರ್ಸ್‌ನ ದಂತಕಥೆ ಗ್ರೆಟ್ಸ್‌ಕಿ ಕಾಲದಲ್ಲಿ. ಈಗಿನ ಹುಡುಗರು 2010ರಿಂದಾಚೆ ನೋಡುತ್ತಲೇ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗ್ರೆಟ್ಸ್‌ಕಿ ಡ್ರಾಫ್ಟ್‌ನಲ್ಲಿ ಬಂದವನಲ್ಲ, ಹಳೆಯ ಡಬ್ಲ್ಯೂಎಚ್‌ಎ ಲೀಗಿನಿಂದ ತಂಡದ ಜೊತೆಯೇ ಬಂದವನು. ಆದರೆ ಅವನ ಸುತ್ತ ಇದ್ದವರೆಲ್ಲ ಡ್ರಾಫ್ಟ್‌ನ ಫಸಲು. 1979ರಲ್ಲಿ ಕೆವಿನ್ ಲೋ 21ನೆಯದು, ಮೆಸ್ಸಿಯೇ 48ನೆಯದು, ಗ್ಲೆನ್ ಆಂಡರ್ಸನ್ 69ನೆಯದು. ಒಂದೇ ಡ್ರಾಫ್ಟ್‌ನಲ್ಲಿ ಮೂವರು! ಮರುವರ್ಷ ಕಾಫಿ 6ನೆಯದು, ಫಿನ್ಲೆಂಡಿನ ಯಾರಿ ಕುರ್ರಿ ಮತ್ತೆ 69ನೆಯದು, ಆಂಡಿ ಮೂಗ್ 132ನೆಯದು. 1981ರಲ್ಲಿ ಗೋಲ್‌ಕೀಪರ್ ಗ್ರಾಂಟ್ ಫ್ಯೂರ್ 8ನೆಯದು. ಇವರಲ್ಲಿ ಒಬ್ಬರೂ ನಂಬರ್ ಒನ್ ಅಲ್ಲ. ಇವರೇ 1984ರಿಂದ 1990ರವರೆಗಿನ ಐದು ಕಪ್‌ಗಳ ಬುನಾದಿ.

ಆಮೇಲೆ 1988ರ ಆಗಸ್ಟ್ 9. ಗ್ರೆಟ್ಸ್‌ಕಿಯನ್ನು ಲಾಸ್ ಏಂಜಲೀಸ್‌ಗೆ ಕೊಟ್ಟರು. ಒಂದೂವರೆ ಕೋಟಿ ಡಾಲರ್, ಕೆಲವು ಆಟಗಾರರು, ಮೂರು ಮೊದಲ ಸುತ್ತಿನ ಆಯ್ಕೆಗಳು ಬಂದವು. ಆ ಮೂರರಿಂದ ನಮಗೆ ಇನ್ನೊಬ್ಬ ಕುರ್ರಿ ಬರಲಿಲ್ಲ. ಹಾಗಾಗಿ ಆಯ್ಕೆಗಳನ್ನು ಸುಮ್ಮನೆ ಕೂಡಿಹಾಕುವುದರಲ್ಲೂ ನನಗೆ ನಂಬಿಕೆ ಇಲ್ಲ. 69ನೇ ಸ್ಥಾನದಲ್ಲಿ ಆಟಗಾರನನ್ನು ಗುರುತಿಸುವ ಕಣ್ಣು ಬೇಕು. ಅದಿಲ್ಲದಿದ್ದರೆ ಆಯ್ಕೆ ಇಟ್ಟುಕೊಂಡರೂ ಒಂದೇ, ಕೊಟ್ಟರೂ ಒಂದೇ.

2012 ನೋಡಿ. ಮೊದಲನೆಯದು ಯಾಕುಪೊವ್, 63ನೆಯದು ಜುಝಾರ್ ಖೈರಾ, ಬ್ರಿಟಿಷ್ ಕೊಲಂಬಿಯಾದ ಪಂಜಾಬಿ ಹುಡುಗ. ಯಾಕುಪೊವ್ 2016ಕ್ಕೇ ಹೊರಟುಹೋದ, ಖೈರಾ 2021ರವರೆಗೆ ನಮಗಾಗಿ ಆಡಿದ. ಅದೇ ಡ್ರಾಫ್ಟ್‌ನಲ್ಲಿ ಟ್ಯಾಂಪಾ 19ನೆಯದಾಗಿ ವಸಿಲೆವ್‌ಸ್ಕಿಯನ್ನು, ವಿನ್ನಿಪೆಗ್ 130ನೆಯದಾಗಿ ಹೆಲ್ಲೆಬಕ್‌ನನ್ನು ತೆಗೆದುಕೊಂಡಿತು. ಇವತ್ತು ಗೋಲ್‌ಕೀಪರ್ ಇಲ್ಲ ಅಂತ ಅಳುತ್ತಿದ್ದೇವಲ್ಲ, ಇಬ್ಬರೂ ಅವತ್ತು ನಮ್ಮ ಕಣ್ಣ ಮುಂದೆಯೇ ಇದ್ದರು.

ಧಾರವಾಡ ಪೇಡೆ

ಹಿರಿಯರು ಭಾರಿ ಮಾತು ಹೇಳಿದ್ರಿ. ಆದ್ರ ಈಗಿನ ಕಷ್ಟ ಅದ ಅಲ್ರಿ? ನಮ್ಮ ಗೋಲ್‌ಕೀಪರ್ ಸ್ಕಿನ್ನರ್ ಎಡ್ಮಂಟನ್ ಊರ ಹುಡುಗ, 2017ರ 78ನೇ ಆಯ್ಕೆ, ಆ ಸ್ಥಾನಕ್ಕ ಅವ ಬಂಗಾರ. ಆದ್ರ 2025ರ ಫೈನಲ್‌ದಾಗ ಮೂರನೇ, ನಾಕನೇ ಎರಡೂ ಪಂದ್ಯ ನಡದಾಗನ ಅವನ್ನ ಹೊರಗ ತಗದ್ರು, ಐದನೇದಕ್ಕ ಎರಡನೇ ಗೋಲ್‌ಕೀಪರ್ ಪಿಕಾರ್ಡ್‌ನ ನಿಲ್ಲಿಸಿದ್ರು. ಎದುರಿಗೆ ಫ್ಲೋರಿಡಾದ ಗೋಲ್‌ಕೀಪರ್ ಬೊಬ್ರೊವ್‌ಸ್ಕಿ. ಇವತ್ತ ಡ್ರಾಫ್ಟ್ ಮಾಡಿದ ಗೋಲ್‌ಕೀಪರ್ ತಯಾರಾಗೂದರಾಗ ಐದಾರು ವರ್ಷ ಹೋಗ್ತಾವ. ಮೆಕ್‌ಡೇವಿಡ್ ಕೊಟ್ಟಿದ್ದು 2028ರ ತನಕ. ಕೊಳ್ಳದ ಬ್ಯಾರೆ ದಾರಿ ಎಲ್ಲೈತಿ, ನೀವ ಹೇಳ್ರಿ.

ನೀಲಿಗೆರೆ

ಕೊಳ್ಳಬೇಕು, ಒಪ್ಪಿದೆ. ಏನು ಕೊಟ್ಟು ಅನ್ನುವುದೇ ಪ್ರಶ್ನೆ. 2024ರ ಬೇಸಿಗೆಯಲ್ಲಿ ಮಾಡಿದ್ದರಲ್ಲಿ ನನಗೆ ಇಷ್ಟವಾದದ್ದು ಎರಡು: ಮೆಕ್‌ಲಾಡ್ ಕೊಟ್ಟು ಬಫಲೋದ 2022ರ 9ನೇ ಆಯ್ಕೆ ಸವೊಯ್ ತಂದದ್ದು, ನಾಲ್ಕನೇ ಸುತ್ತಿನ ಆಯ್ಕೆಗೆ ವ್ಯಾಂಕೂವರ್‌ನಿಂದ 2019ರ 10ನೇ ಆಯ್ಕೆ ಪೊಡ್ಕೊಲ್ಜಿನ್ ತಂದದ್ದು. ಇದು ಫ್ಲೋರಿಡಾ ದಾರಿ. ಈ ದಾರಿಯಲ್ಲಿ ಬಂದ ಸವೊಯ್‌ನನ್ನೇ ಮೊದಲ ಪೂರ್ಣ ಸೀಸನ್ನಿನಲ್ಲಿ ಮಾರಿದರೆ ಹಾಲೊವೇ ಕಥೆ ಮತ್ತೆ ನಡೆಯುತ್ತದೆ. ಮುಂದಿನ ವರ್ಷ ಕ್ಯಾಪ್ 10.4 ಕೋಟಿಗೆ ಏರುತ್ತದೆ, ಅದರ ಮುಂದಿನ ವರ್ಷ 11.35. ಜಾಗ ಬರುತ್ತಿದೆ. ಆಯ್ಕೆಗಿಂತ ಆ ಜಾಗವನ್ನೇ ಬಳಸಿ.

ಆಯಿಲ್‌ಕಂಟ್ರಿ ಕನ್ನಡಿಗ

2027ರ ಮೊದಲ ಸುತ್ತಿನ ಆಯ್ಕೆ ಕೊಡಿ, ಅಷ್ಟಕ್ಕೆ ನಾನು ಸಿದ್ಧ. ಆ ಹುಡುಗ ತಂಡಕ್ಕೆ ಬರುವಷ್ಟರಲ್ಲಿ ಮೆಕ್‌ಡೇವಿಡ್‌ನ ಈ ಒಪ್ಪಂದ ಮುಗಿದಿರುತ್ತದೆ. ಆದರೆ ಬರುವ ಗೋಲ್‌ಕೀಪರ್‌ಗೆ ಮೂವತ್ತು ದಾಟಿರಬಾರದು, ಒಪ್ಪಂದದಲ್ಲಿ ಕನಿಷ್ಠ ಎರಡು ವರ್ಷ ಬಾಕಿ ಇರಬೇಕು. ಸವೊಯ್, ಹೋವರ್ಡ್ ಇಬ್ಬರ ಹೆಸರೂ ಆ ಮಾತುಕತೆಗೆ ಬರಕೂಡದು.

ಧಾರವಾಡ ಪೇಡೆ

ಅಂಥಾ ಗೋಲ್‌ಕೀಪರ್‌ನ ಬರೇ ಒಂದು ಆಯ್ಕೆಗೆ ಯಾರೂ ಬಿಟ್ಟುಕೊಡೂದಿಲ್ಲ, ಅಣ್ಣಾರ. ಎದುರಿನವರು ಕೇಳೂ ಮೊದಲ ಹೆಸರ ಹೋವರ್ಡ್. ಮಾರ್ಚ್ 6ಕ್ಕ ಟ್ರೇಡ್ ಬಾಗಿಲು ಮುಚ್ಚತೈತಿ. ಅಷ್ಟರಾಗ ಸ್ಕಿನ್ನರ್ ಸುಧಾರಿಸಲಿಲ್ಲ ಅಂದ್ರ ನಾ ಹೋವರ್ಡ್‌ನ ಕೊಡಾಂವ.

ಆಯಿಲ್‌ಕಂಟ್ರಿ ಕನ್ನಡಿಗ

ನಾನು ಕೊಡುವುದಿಲ್ಲ.